ಪಾಠ ಮುಗಿದ ಮೇಲಿನ ಒಂದು ಗಂಟೆ

ದಾವಣಗೆರೆಯಲ್ಲಿ ಪಿಯುಸಿ ಹುಡುಗರಿಗೆ ಬಯಾಲಜಿ ಟ್ಯೂಷನ್ ಹೇಳುವ ನನಗೆ ಪೋಷಕರಿಂದ ತಪ್ಪದೆ ಬರುವ ಪ್ರಶ್ನೆ ಒಂದೇ. ‘ಸರ್, ಹುಡುಗ ಓದ್ತಾನೆ, ಆದ್ರೆ ನೆನಪೇ ಇರಲ್ಲ. ಬಾದಾಮಿ ಕೊಡ್ಲಾ, ಪ್ರೋಟೀನ್ ಪೌಡರ್ ಕೊಡ್ಲಾ?’

ನೆನಪಿಗೂ ಪ್ರೋಟೀನಿಗೂ ಸಂಬಂಧ ಇರೋದು ನಿಜ. ಆದರೆ ಆ ಪ್ರೋಟೀನು ಡಬ್ಬದಲ್ಲಿ ಸಿಗುವಂಥದ್ದಲ್ಲ. ಮೆದುಳಿನ ಕೋಶಗಳು ಅದನ್ನು ತಾವೇ ತಯಾರಿಸಿಕೊಳ್ಳಬೇಕು. ತಿಂದ ಬೇಳೆ, ಮೊಟ್ಟೆಯಿಂದ ಸಿಗುವುದು ಅಮೈನೋ ಆಮ್ಲ, ಅಂದರೆ ಬರೀ ಸರಕು. ಮನೆ ಊಟ ಸರಿಯಾಗಿದ್ದರೆ ಸರಕಿಗೆ ಕೊರತೆ ಇಲ್ಲ. ನಮ್ಮ ಹುಡುಗರಿಗೆ ಕೊರತೆ ಬೀಳುವುದು ಸಮಯಕ್ಕೆ.

ಇದನ್ನು ಮೊದಲು ನನ್ನ ತಲೆಗೆ ಹತ್ತಿಸಿದ್ದು ಮೀನು. 1960ರ ದಶಕದಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಬರ್ನಾರ್ಡ್ ಅಗ್ರನಾಫ್ ತಂಡ ಗೋಲ್ಡ್‌ಫಿಶ್‌ಗಳಿಗೆ ಒಂದು ಪಾಠ ಕಲಿಸಿತು. ದೀಪ ಹತ್ತಿದ ಕೂಡಲೇ ತೊಟ್ಟಿಯ ಆ ಕಡೆಗೆ ದಾಟಬೇಕು, ಇಲ್ಲದಿದ್ದರೆ ಸಣ್ಣ ಶಾಕ್. ಕಲಿತ ತಕ್ಷಣ, ಪ್ರೋಟೀನ್ ತಯಾರಿಕೆ ತಡೆಯುವ ಪ್ಯೂರೊಮೈಸಿನ್ ಎಂಬ ಔಷಧ ಚುಚ್ಚಿದರೆ, ಮೂರು ದಿನ ಕಳೆದು ನೋಡಿದಾಗ ಪಾಠ ಮರೆತುಹೋಗಿರುತ್ತಿತ್ತು. ಒಂದು ಗಂಟೆ ಬಿಟ್ಟು ಚುಚ್ಚಿದರೆ ನೆನಪಿಗೆ ಏನೂ ಆಗುತ್ತಿರಲಿಲ್ಲ. ಸ್ವಾರಸ್ಯ ಇನ್ನೊಂದಿದೆ. ಔಷಧ ಮೊದಲೇ ಕೊಟ್ಟಿದ್ದರೂ ಮೀನು ಆ ಹೊತ್ತಿಗೆ ಕಲಿಯುತ್ತಿತ್ತು, ಉಳಿಸಿಕೊಳ್ಳುತ್ತಿರಲಿಲ್ಲ ಅಷ್ಟೇ. ಕ್ಲಾಸಿನಲ್ಲಿ ‘ಅರ್ಥ ಆಯ್ತಾ?’ ಅಂದರೆ ಎಲ್ಲರೂ ತಲೆ ಆಡಿಸಿ, ಸೋಮವಾರ ಮಿಕಮಿಕ ನೋಡುತ್ತಾರಲ್ಲ, ಅದೇ ಕಥೆ!

ಆಮೇಲೆ ನರವಿಜ್ಞಾನಿ ಎರಿಕ್ ಕ್ಯಾಂಡೆಲ್ ಅವರ ಕೆಲಸ, 2000ರಲ್ಲಿ ನೊಬೆಲ್ ಬಂದದ್ದು. ಏಪ್ಲೀಸಿಯಾ ಅನ್ನೋ ಸಮುದ್ರದ ಬಸವನಹುಳುವಿನ ನರಕೋಶಗಳಿಗೆ ಸೆರೊಟೋನಿನ್ ಎಂಬ ನರ-ರಾಸಾಯನಿಕವನ್ನು ಒಂದು ಸಲ ತಾಗಿಸಿದರೆ, ಕೋಶಗಳ ನಡುವಿನ ಕೊಂಡಿ ಕೆಲವು ನಿಮಿಷ ಗಟ್ಟಿಯಾಗಿರುತ್ತದೆ. ಬಿಟ್ಟು ಬಿಟ್ಟು ಐದು ಸಲ ತಾಗಿಸಿದರೆ ಒಂದು ದಿನಕ್ಕೂ ಜಾಸ್ತಿ. ಈ ಎರಡನೆಯದಕ್ಕೆ ಮಾತ್ರ ಹೊಸ ಪ್ರೋಟೀನು ಬೇಕು.

ಇದನ್ನೆಲ್ಲ ಇಟ್ಟುಕೊಂಡು ನಾನು ಬದಲಿಸಿದ್ದು ಟೈಮ್‌ಟೇಬಲ್. ಒಂದೇ ಪಾಠವನ್ನು ಒಂದೇ ಕೂರಿಕೆಯಲ್ಲಿ ರುಬ್ಬುವುದು ನಮ್ಮೂರಿನ ರೂಢಿ. ನಾನು ಅದನ್ನು ತುಂಡು ಮಾಡಿ ಬೇರೆ ಬೇರೆ ಸಂಜೆಗೆ ಹಂಚಿದೆ. ಒಂದು ಪಾಠದ ಬೆನ್ನಿಗೇ ಅದರಂಥದೇ ಇನ್ನೊಂದನ್ನು ತುರುಕುವುದನ್ನೂ ಬಿಟ್ಟೆ.

ಸಿಲಬಸ್ ಮುಗಿಯಲ್ಲ ಅಂತ ಪೋಷಕರು ಗೊಣಗಿದರು. ಗಾರೆ ಮೇಸ್ತ್ರಿಯೊಬ್ಬರು ಮಾತ್ರ ಸುಮ್ನೆ ಕೇಳಿಸಿಕೊಂಡು, ‘ಹಂಗಾದ್ರೆ ಇದು ಕ್ಯೂರಿಂಗ್ ಇದ್ದಂಗೆ ಬಿಡ್ರಿ ಸರ್. ನೀರು ಹೊಡೀದೆ ಮ್ಯಾಲೆ ಏರ್ಸಿದ್ರೆ ಬಿರುಕು ಬಿಡ್ತೈತಿ’ ಅಂದರು. ನನ್ನ ಅರ್ಧ ಗಂಟೆ ಭಾಷಣ ಅವರ ಬಾಯಲ್ಲಿ ಎರಡು ಮಾತಿಗೆ ಮುಗಿಯಿತು.

ನನಗೆ ತುಂಬಾ ಖುಷಿ ಕೊಟ್ಟ ಭಾಗ ಮುಂದಿನದು. 1997ರಲ್ಲಿ ಫ್ರೈ ಮತ್ತು ಮಾರಿಸ್ ಎಂಬ ವಿಜ್ಞಾನಿಗಳು ಒಂದು ವಿಷಯ ತೋರಿಸಿದರು. ಸಣ್ಣ ಪ್ರಚೋದನೆ ಸಿಕ್ಕ ಕೊಂಡಿ ತನ್ನ ಮೇಲೆ ಗುರುತು ಹಾಕಿಕೊಂಡು ಕೂತಿರುತ್ತದೆ. ಅದೇ ಹೊತ್ತಿನಲ್ಲಿ ಬೇರೆ ಜೋರಾದ ಪ್ರಚೋದನೆಗಾಗಿ ತಯಾರಾದ ಪ್ರೋಟೀನು ಇದಕ್ಕೂ ದಕ್ಕುತ್ತದೆ. 2013ರಲ್ಲಿ ಅರ್ಜೆಂಟೀನಾದವರು ಇದನ್ನು ಶಾಲೆಗೇ ತಂದರು. ಮಕ್ಕಳಿಗೆ ಕಥೆ ಓದಿ ಹೇಳಿ, ಅದರ ಒಂದು ಗಂಟೆ ಹಿಂದೆಯೋ ಮುಂದೆಯೋ ಕಥೆಗೆ ಸಂಬಂಧವೇ ಇಲ್ಲದ ಹೊಸ ಬಗೆಯ ಪಾಠ ಮಾಡಿದರು. ಮರುದಿನ ಆ ಮಕ್ಕಳಿಗೆ ಕಥೆ ಹೆಚ್ಚು ನೆನಪಿತ್ತು. ನಾಲ್ಕು ಗಂಟೆ ಅಂತರ ಇದ್ದರೆ ಈ ಲಾಭ ಇಲ್ಲ.

ಸರಿ, ನಾನೂ ಭಾನುವಾರದ ಬ್ಯಾಚಿಗೆ ಮೆಂಡೆಲ್‌ನ ಬಟಾಣಿ ಹೇಳಿ, ಹುಡುಗರನ್ನು ನೇರವಾಗಿ ಮಂಡಕ್ಕಿ ಭಟ್ಟಿಗೆ ಕರೆದುಕೊಂಡು ಹೋದೆ. ಹುಟ್ಟಿದಾಗಿನಿಂದ ಮಂಡಕ್ಕಿ ಮಿರ್ಚಿ ತಿಂದವರು, ಭಟ್ಟಿಯ ಒಳಗೆ ಒಬ್ಬರೂ ಕಾಲಿಟ್ಟವರಲ್ಲ. ಕಾದ ಮರಳಿಗೆ ಅಕ್ಕಿ ಬಿದ್ದದ್ದೇ ತಡ, ಚಟಪಟ ಅಂತ ಅರಳಿ ಬಾಣಲೆ ಬೆಳ್ಳಗಾಯಿತು. ಕೆಲಸದವರು ಅದನ್ನು ಬಾಚಿ ಜರಡಿಗೆ ಹಾಕಿ ಅಲ್ಲಾಡಿಸಿದರೆ ಮರಳು ಕೆಳಗೆ, ಮಂಡಕ್ಕಿ ಮೇಲೆ. ಹೊಗೆಗೆ ಎಲ್ಲರ ಕಣ್ಣಲ್ಲೂ ನೀರು. ಮುಂದಿನ ವಾರದ ಟೆಸ್ಟಿನಲ್ಲಿ ಬಟಾಣಿ ಪ್ರಶ್ನೆಗೆ ಉತ್ತರ ಚೆನ್ನಾಗಿ ಬಂತು. ಭಟ್ಟಿಯಿಂದಲೇ ಅಂತ ನಾನು ಆಣೆ ಮಾಡುವುದಿಲ್ಲ. ಹುಡುಗರು ಖುಷಿಯಾಗಿದ್ದರು, ಅದೂ ಲೆಕ್ಕಕ್ಕೆ ಬರುತ್ತೆ ಅಲ್ವಾ?

ತೊಂದರೆ ಏನೆಂದರೆ, ಅನುಭವ ಹೊಸದೇ ಆಗಿರಬೇಕು. ಅದೇ ಭಟ್ಟಿಗೆ ಮತ್ತೆ ಹೋದರೆ ಅದು ಬರೀ ತಿರುಗಾಟ. ಕುಂದವಾಡ ಕೆರೆ, ಗ್ಲಾಸ್ ಹೌಸ್ ಎಲ್ಲ ಇವರು ನೋಡಿ ನೋಡಿ ಸಾಕಾದ ಜಾಗ. ಕೊನೆಗೆ ಮಟನ್ ಅಂಗಡಿಯಿಂದ ಕುರಿಯ ಭೇಜಾ ತಂದು, ಕೊಯ್ದು ಹಿಪ್ಪೋಕ್ಯಾಂಪಸ್, ಅಂದರೆ ಹೊಸ ನೆನಪು ಕೂಡಿಸುವ ಭಾಗ, ತೋರಿಸಿದೆ. ಅರ್ಧ ಬ್ಯಾಚ್ ಮೂಗು ಮುಚ್ಚಿಕೊಂಡಿತು, ಇನ್ನರ್ಧ ಮೇಜಿನ ಮೇಲೇ ಬಿತ್ತು. ಪಕ್ಕಾ ಸಸ್ಯಾಹಾರಿ ಮನೆಯಿಂದ ಒಂದು ಫೋನ್ ಕೂಡ ಬಂತು.

ನಿದ್ದೆಯ ವಿಷಯದಲ್ಲಿ ಮಾತ್ರ ನಾನು ಕಟ್ಟುನಿಟ್ಟು. ಇಲಿಗಳಿಗೆ ಐದು ಗಂಟೆ ನಿದ್ದೆ ಕೆಡಿಸಿದರೂ ಹಿಪ್ಪೋಕ್ಯಾಂಪಸ್‌ನಲ್ಲಿ ಪ್ರೋಟೀನ್ ತಯಾರಿಕೆ ಇಳಿಯುತ್ತದೆ. ನೈಟ್‌ಔಟ್ ಮಾಡಿ ಬಂದವನನ್ನು ಕ್ಲಾಸಿಗೆ ಕೂರಿಸದೆ ಮಲಗೋಕೆ ಕಳಿಸುತ್ತೇನೆ.

ಇನ್ನು ಟೆಸ್ಟ್. 2000ರಲ್ಲಿ ನಾಡರ್, ಶಾಫ್, ಲೆಡೂ ಎಂಬ ವಿಜ್ಞಾನಿಗಳು ಇಲಿಗಳಲ್ಲಿ ಕಂಡದ್ದು ಇದು: ಗಟ್ಟಿಯಾಗಿದ್ದ ಭಯದ ನೆನಪು ಕೂಡ, ಮತ್ತೆ ನೆನಪಿಸಿದಾಗ ಸಡಿಲವಾಗುತ್ತದೆ. ಉಳಿಯಬೇಕಾದರೆ ಮತ್ತೆ ಪ್ರೋಟೀನ್ ತಯಾರಾಗಬೇಕು. ಅದು ಇಲಿಯ ಭಯ, ನಮ್ಮದು ಪರೀಕ್ಷೆಯ ಪಾಠ. ಎರಡೂ ಒಂದೇ ಅನ್ನೋಕಾಗಲ್ಲ. ಆದರೂ ಪುಸ್ತಕ ಮುಚ್ಚಿಸಿ ಖಾಲಿ ಹಾಳೆಯಲ್ಲಿ ಬರೆಸಿದ ಮೇಲೆ, ಹಾಳೆಗಳನ್ನು ನಾನು ಮನೆಗೆ ಒಯ್ಯುವುದಿಲ್ಲ. ನೆನಪು ಸಡಿಲವಾಗಿರುವ ಹೊತ್ತಲ್ಲೇ ತಪ್ಪು ಸರಿಯಾಗಲಿ ಅಂತ, ಅವರು ಎದ್ದು ಹೋಗುವ ಮೊದಲೇ, ಅವರ ಕೈಯಲ್ಲೇ, ಕೆಂಪು ಪೆನ್ನಿನಲ್ಲಿ ತಿದ್ದಿಸುತ್ತೇನೆ.