ಎರಡು ಕಡಲೆಕಾಳು ಮೂವತ್ತೆರಡಾದಾಗ: ಆಂಟಿಬಯೋಟಿಕ್ ಪ್ರತಿರೋಧವನ್ನು ಆಡಿಸಿ ಕಲಿಸುವುದು ಹೇಗೆ?

ಬಿ.ಎಸ್ಸಿ. ಮಕ್ಕಳಿಗೆ ಆಂಟಿಬಯೋಟಿಕ್ ಪ್ರತಿರೋಧದ ವ್ಯಾಖ್ಯೆ ಬಾಯಿಪಾಠ ಇರುತ್ತದೆ. ಆದರೂ ಪಾಠ ಶುರು ಮಾಡುವ ಮೊದಲು ಒಂದು ಪ್ರಶ್ನೆ ಕೇಳಿ ನೋಡಿ: ಔಷಧಿಗೆ ಜಗ್ಗದೆ ನಿಲ್ಲುವುದು ಯಾವುದು, ನಮ್ಮ ದೇಹವೋ ಬ್ಯಾಕ್ಟೀರಿಯಾವೋ? ಹೆಸರು ಹಾಕದೆ ಚೀಟಿಯಲ್ಲಿ ಉತ್ತರ ಬರೆಸಿ. ‘ದೇಹ’ ಎನ್ನುವ ಚೀಟಿಗಳು ಬಂದೇ ಬರುತ್ತವೆ. ‘ಆ ಮಾತ್ರೆ ನಂಗೀಗ ಹಿಡಿಯೋದೇ ಇಲ್ಲ’ ಎನ್ನುವ ಮಾತು ಕೇಳುತ್ತಲೇ ಬೆಳೆದವರಲ್ವಾ! ಈ ತಪ್ಪು ತಿಳಿವಳಿಕೆ ಬರೀ ಸ್ಲೈಡ್ ತೋರಿಸಿದರೆ ಹೋಗುವುದಿಲ್ಲ. ಕೈಯಲ್ಲಿ ಮಾಡಿ ನೋಡಬೇಕು.

ಮೊದಲು ಕಾಳಿನ ಆಟ

ನಾಲ್ಕು ಜನರ ಗುಂಪು ಮಾಡಿ. ಪ್ರತಿ ಗುಂಪಿಗೆ ಎರಡು ತಟ್ಟೆ, ಎರಡು ಹಿಡಿ ಹೆಸರುಕಾಳು, ಎರಡು ಹಿಡಿ ಕಡಲೆಕಾಳು ಸಾಕು. ಎರಡೂ ತಟ್ಟೆಯಲ್ಲಿ 24 ಹೆಸರುಕಾಳು, 2 ಕಡಲೆಕಾಳು ಹಾಕಿಸಿ. ಹೆಸರುಕಾಳು ಔಷಧಿಗೆ ಸಾಯುವ ಬ್ಯಾಕ್ಟೀರಿಯಾ, ಕಡಲೆ ಸಾಯದ್ದು.

ಒಂದು ತಟ್ಟೆಗೆ ಔಷಧಿ ಇಲ್ಲ. ಪ್ರತಿ ಸುತ್ತಿನಲ್ಲಿ ಕಣ್ಣು ಮುಚ್ಚಿ 13 ಕಾಳು ತೆಗೆದು, ಉಳಿದ ಪ್ರತಿ ಕಾಳಿಗೆ ಅದೇ ಜಾತಿಯ ಇನ್ನೊಂದು ಸೇರಿಸಿ. ಇನ್ನೊಂದು ತಟ್ಟೆಗೆ ಔಷಧಿ ಕೊಡಿ, ಅಂದರೆ ಹೆಸರುಕಾಳಿನ ನಾಲ್ಕು ಪಾಲಿನಲ್ಲಿ ಮೂರು ಪಾಲು ತೆಗೆದುಹಾಕಿ (ಲೆಕ್ಕ ಸರಿಯಾಗಿ ಬಾರದಿದ್ದರೆ ಅರ್ಧದ ಬದಲು ಇಡೀ ಕಾಳು ತೆಗೆಯಿರಿ), ಆಮೇಲೆ ಉಳಿದದ್ದನ್ನೆಲ್ಲ ಎರಡರಷ್ಟು ಮಾಡಿ. ಪ್ರತಿ ಸುತ್ತಿನ ಲೆಕ್ಕ ಬರೆಸಿ.

ಔಷಧಿ ತಟ್ಟೆಯಲ್ಲಿ ಮೊದಲ ಸುತ್ತಿಗೆ 12 ಹೆಸರು, 4 ಕಡಲೆ. ಎರಡನೆಯದಕ್ಕೆ 6 ಮತ್ತು 8. ಇಲ್ಲಿ ಆಟ ನಿಲ್ಲಿಸಿ. ಒಟ್ಟು ಕಾಳು 26ರಿಂದ 14ಕ್ಕೆ ಇಳಿದಿದೆ, ಔಷಧಿ ಕೆಲಸ ಮಾಡುತ್ತಿದೆ ಎಂದು ಮಕ್ಕಳು ಹೇಳುತ್ತಾರೆ. ಕಡಲೆ ಎಷ್ಟಿದೆ ಎಣಿಸಿ ಎನ್ನಿ. ಮೂರನೆಯ ಸುತ್ತಿಗೆ 2 ಮತ್ತು 16, ನಾಲ್ಕನೆಯದಕ್ಕೆ ಹೆಸರುಕಾಳು ಒಂದೂ ಇಲ್ಲ, ಕಡಲೆ 32. ಪಕ್ಕದ ತಟ್ಟೆಯಲ್ಲಿ ಕಡಲೆ ಸಾಮಾನ್ಯವಾಗಿ ಅಲ್ಲೊಂದು ಇಲ್ಲೊಂದು ಇರುತ್ತದೆ, ಕೆಲವೊಮ್ಮೆ ಪೂರ್ತಿ ಮಾಯವಾಗಿರುತ್ತದೆ. ಆ ಎರಡು ಕಡಲೆ ಮೊದಲೇ ಇದ್ದವು, ಔಷಧಿ ಅವನ್ನು ಹುಟ್ಟಿಸಲಿಲ್ಲ, ಅವುಗಳ ಎದುರಾಳಿಗಳನ್ನು ಮಾತ್ರ ತೆಗೆಯಿತು ಎನ್ನುವುದು ಮಕ್ಕಳ ಬಾಯಿಂದಲೇ ಬರಲಿ, ನೀವು ಹೇಳಬೇಡಿ.

ಆಮೇಲೆ ಕೇಳಬೇಕಾದ ಪ್ರಶ್ನೆ: ಈ ಆಟದಲ್ಲಿ ಏನು ಬಿಟ್ಟುಹೋಗಿದೆ? ದೇಹದ ರೋಗನಿರೋಧಕ ಶಕ್ತಿ! ಅದಕ್ಕೆಂದು ಪ್ರತಿ ಸುತ್ತಿನಲ್ಲೂ ಕಣ್ಣು ಮುಚ್ಚಿ ಇನ್ನೂ ನಾಲ್ಕು ಕಾಳು ತೆಗೆಸಿ ಮತ್ತೆ ಆಡಿಸಿ, ಫಲಿತಾಂಶ ಗುಂಪಿನಿಂದ ಗುಂಪಿಗೆ ಬೇರೆಯಾಗುತ್ತದೆ. ನನ್ನ ಮಟ್ಟಿಗೆ ಇಡೀ ಪಾಠದಲ್ಲಿ ಇದೇ ಮುಖ್ಯ ಭಾಗ, ಇದಕ್ಕೆ ಜಾಸ್ತಿ ಹೊತ್ತು ಕೊಡಿ.

ದಾರ ಕಟ್ಟುವ ಆಟ

ಪ್ರತಿಯೊಬ್ಬರಿಗೂ ಒಂದು ಬ್ಯಾಕ್ಟೀರಿಯಾದ ಹೆಸರು ಕೊಡಿ: ಇ. ಕೋಲೈ, ಕ್ಲೆಬ್ಸಿಯೆಲ್ಲಾ, ಸಾಲ್ಮೊನೆಲ್ಲಾ. ಒಬ್ಬರ ಕೈಗೆ ಮಾತ್ರ ಕೆಂಪು ದಾರ, ಅದು ಪ್ಲಾಸ್ಮಿಡ್, ಅಂದರೆ ಒಂದು ಬ್ಯಾಕ್ಟೀರಿಯಾ ಇನ್ನೊಂದಕ್ಕೆ ನಕಲು ಮಾಡಿ ಕೊಡಬಲ್ಲ ಸಣ್ಣ ಡಿಎನ್‌ಎ ಉಂಗುರ. ಚಪ್ಪಾಳೆ ತಟ್ಟಿದಾಗ ದಾರ ಇದ್ದವರು ಇಲ್ಲದವರೊಬ್ಬರಿಗೆ ಇನ್ನೊಂದು ದಾರ ಕಟ್ಟಬೇಕು, ತಮ್ಮದನ್ನು ಬಿಚ್ಚಬಾರದು. ಐದು ಚಪ್ಪಾಳೆಗೆ 32 ಕೈಯಲ್ಲಿ ದಾರ. ಪ್ರತಿರೋಧ ತಾಯಿಕೋಶದಿಂದ ಮರಿಕೋಶಕ್ಕಷ್ಟೇ ಅಲ್ಲ, ಬೇರೆ ಜಾತಿಗೂ ದಾಟುತ್ತದೆ ಎಂಬುದು ಹತ್ತು ನಿಮಿಷದಲ್ಲಿ ತಲೆಗೆ ಹೋಗುತ್ತದೆ.

ಲ್ಯಾಬ್ ಇದ್ದರೆ

ಮುಲ್ಲರ್-ಹಿಂಟನ್ ಅಗಾರ್ (ಬ್ಯಾಕ್ಟೀರಿಯಾ ಬೆಳೆಸುವ ಜೆಲ್ಲಿಯಂಥ ಮಾಧ್ಯಮ) ಮೇಲೆ ಬ್ಯಾಕ್ಟೀರಿಯಾ ಹರಡಿ, ಆಂಟಿಬಯೋಟಿಕ್ ಇರುವ ಡಿಸ್ಕ್ ಇಟ್ಟು, ಮರುದಿನ ಅದರ ಸುತ್ತ ಬ್ಯಾಕ್ಟೀರಿಯಾ ಬೆಳೆಯದ ವಲಯ ಅಳೆಯಿಸಿ. ಬಳಸುವುದು ರೋಗ ತಾರದ ಇ. ಕೋಲೈ ಕೆ-12 ತಳಿ ಮಾತ್ರ. ಚರಂಡಿ ನೀರು, ಆಸ್ಪತ್ರೆಯ ಮಾದರಿ ತಂದು ಬೆಳೆಸುವುದು ಬೇಡವೇ ಬೇಡ. ಅಲ್ಲಿಂದ ಏನು ಎದ್ದುಬರುತ್ತದೋ ಯಾರಿಗೆ ಗೊತ್ತು? ಮುಗಿದ ಮೇಲೆ ಎಲ್ಲ ಪ್ಲೇಟುಗಳನ್ನೂ ಆಟೋಕ್ಲೇವ್ ಮಾಡಿಯೇ (ಒತ್ತಡದ ಬಿಸಿ ಹಬೆಯಲ್ಲಿ ಕ್ರಿಮಿ ಕೊಂದೇ) ಎಸೆಯಬೇಕು. ದೊಡ್ಡ ವಲಯ ಕಂಡ ಕೂಡಲೇ ಅದೇ ಒಳ್ಳೆ ಔಷಧಿ ಎಂದು ಮಕ್ಕಳು ತೀರ್ಮಾನಿಸುತ್ತಾರೆ. ಒಂದೊಂದು ಔಷಧಿಗೆ ವಲಯದ ಅಳತೆಯ ಒಂದೊಂದು ಮಿತಿ ಇರುತ್ತದೆ, ಆ ಮಿತಿಗಳ ಕೋಷ್ಟಕ ನೋಡದೆ ಎರಡನ್ನು ಹೋಲಿಸುವ ಹಾಗಿಲ್ಲ ಎಂದು ಅಲ್ಲೇ ತಿದ್ದಿ.

ಲ್ಯಾಬ್ ಇಲ್ಲದಿದ್ದರೆ ಹಾರ್ವರ್ಡ್‌ನ ವಿಜ್ಞಾನಿಗಳು 2016ರಲ್ಲಿ ತೋರಿಸಿದ ದೈತ್ಯ ಪ್ಲೇಟಿನ ವಿಡಿಯೊ ಹಾಕಿ. ಎರಡು ಅಡಿ ಅಗಲ, ನಾಲ್ಕು ಅಡಿ ಉದ್ದದ ಆ ಪ್ಲೇಟಿನಲ್ಲಿ ಬ್ಯಾಕ್ಟೀರಿಯಾ ಸುಮಾರು ಹನ್ನೊಂದು ದಿನದಲ್ಲಿ ಸಾವಿರ ಪಟ್ಟು ಔಷಧಿ ತಡೆಯುವಷ್ಟು ಬದಲಾಗುವುದು ಕಣ್ಣಿಗೇ ಕಾಣುತ್ತದೆ.

ಕೊನೆಗೆ ಖಾಲಿ ಸ್ಟ್ರಿಪ್

ಮನೆಯಲ್ಲಿರುವ ಖಾಲಿ ಮಾತ್ರೆ ಸ್ಟ್ರಿಪ್ ತರಲು ಹೇಳಿ. ಯಾರು ನುಂಗಿದ್ದು, ಯಾಕೆ ಎಂದು ಕೇಳಬೇಡಿ, ಅದು ಅವರ ಖಾಸಗಿ ವಿಷಯ. ಎಲ್ಲ ಸ್ಟ್ರಿಪ್ ಒಂದೇ ಡಬ್ಬಿಗೆ ಹಾಕಿಸಿ, ಆಮೇಲೆ ವಿಂಗಡಿಸಿ: ಅಜಿತ್ರೊಮೈಸಿನ್, ಅಮಾಕ್ಸಿಸಿಲಿನ್‌ನಂಥ ಆಂಟಿಬಯೋಟಿಕ್ ಒಂದು ಕಡೆ, ಪ್ಯಾರಾಸಿಟಮಾಲ್, ಸೆಟ್ರಿಜಿನ್ ಇನ್ನೊಂದು ಕಡೆ. ಕೇಂದ್ರ ಆರೋಗ್ಯ ಸಚಿವಾಲಯ 2016ರಲ್ಲಿ ಕೆಂಪು ಗೆರೆಯ ಅಭಿಯಾನ (ಸ್ಟ್ರಿಪ್ ಮೇಲೆ ಗೆರೆ ಇದ್ದರೆ ವೈದ್ಯರ ಚೀಟಿ ಇಲ್ಲದೆ ನುಂಗಬೇಡಿ ಎಂದು) ಶುರು ಮಾಡಿದ್ದು ಆಂಟಿಬಯೋಟಿಕ್‌ಗಾಗಿ, ಆದರೆ ವೈದ್ಯರ ಚೀಟಿ ಬೇಕಾದ ಬೇರೆ ಔಷಧಿಗಳ ಮೇಲೂ ಆ ಗೆರೆ ಇರುತ್ತದೆ. ಹಾಗಾಗಿ ಗೆರೆ ಒಂದನ್ನೇ ನೋಡದೆ ಔಷಧಿಯ ಹೆಸರು ಓದಿಸಿ. ನೆಗಡಿ, ಫ್ಲೂ ವೈರಸ್‌ನಿಂದ ಬರುವುದು, ಅದಕ್ಕೆ ಆಂಟಿಬಯೋಟಿಕ್ ರಾಶಿಯಲ್ಲಿ ಯಾವುದು ಕೆಲಸ ಮಾಡುತ್ತದೆ ಎಂದು ಕೇಳಿ. ಪ್ರತಿ ಗುಂಪೂ ತನ್ನ ಉತ್ತರವನ್ನು ಮನೆಯವರಿಗೆ ಹೇಳುವ ಹಾಗೆ ನಾಲ್ಕು ಸಾಲಿನಲ್ಲಿ ಬರೆಯಲಿ, ಈ ಪ್ರತಿರೋಧದ ಬಗ್ಗೆಯೇ ನಡೆಯುವ ನವೆಂಬರ್ 18ರಿಂದ 24ರ ವಿಶ್ವ ಜಾಗೃತಿ ಸಪ್ತಾಹದಲ್ಲಿ ಆ ಹಾಳೆಗಳನ್ನು ಕಾಲೇಜಿನ ನೋಟಿಸ್ ಬೋರ್ಡಿಗೆ ಹಾಕಬಹುದು.