ಗೋವಾದಲ್ಲಿ ಒಂದೆರಡು ಆಕಳು ಸಾಕಿದವರಿಗೆ: ದಾಣಿ ಖರ್ಚು ಇಳಿಸುವ ಬಗ್ಗೆ

ಫೋಂಡಾ, ಉಸಗಾಂವ, ವಾಳಪೈ ಕಡೆ ಒಂದೆರಡು ಆಕಳು ಕಟ್ಟಿಕೊಂಡಿರುವ ನಮ್ಮ ಗದಗ, ಹಾವೇರಿ ಮಂದಿಯದು ಒಂದೇ ಗೋಳು. ಹಾಲಿನ ದುಡ್ಡೆಲ್ಲ ಚೀಲದ ದಾಣಿಗೇ (ಹಿಂಡಿ, ಬೂಸಾ, ನುಚ್ಚು ಕಲಸಿದ ಪಶು ಆಹಾರ) ಹೋಗುತ್ತದೆ. ಊರಲ್ಲಾದರೆ ಜೋಳದ ಕಣಿಕೆ, ಶೇಂಗಾ ಹೊಟ್ಟು ಹೊಲದಲ್ಲೇ ಇರುತ್ತಿತ್ತು. ಇಲ್ಲಿ ಬೆಳಗಾವಿಯಿಂದ ಘಟ್ಟ ಇಳಿದು ಬರುವ ಮೇವಿಗೆ ಲಾರಿ ಬಾಡಿಗೆಯೂ ಸೇರಿರುತ್ತದೆ. ಹಾಗಂತ ಪುಕ್ಕಟೆ ಸಿಕ್ಕಿದ್ದೆಲ್ಲ ಗೋದಲಿಗೆ ಸುರಿಯಬೇಡಿ. ಎಲ್ಲಿ ಉಳಿಸಬೇಕು, ಎಲ್ಲಿ ಉಳಿಸಬಾರದು ಅಂತ ಗೊತ್ತಿರಬೇಕು.

ಮೊದಲು ಗೇರುಹಣ್ಣು. ಮಾರ್ಚ್‌ನಿಂದ ಮೇ ತನಕ ಫೆಣಿ (ಗೇರು ಸಾರಾಯಿ) ಭಟ್ಟಿಗಳ ಹಿಂದೆ ರಸ ಹಿಂಡಿದ ಹಿಪ್ಪೆ ರಾಶಿ ಬಿದ್ದಿರುತ್ತದೆ. ಕೇಳಿ ನೋಡಿ, ಸುಮ್ನೆ ಕೊಳೆಯೋದನ್ನು ಯಾರು ಕೊಡಲ್ಲ ಅಂತಾರೆ? ಆದರೆ ಹಿಂಡಿದ ದಿನವೇ ತರಬೇಕು. ತಂದ ಕೂಡಲೇ ತಾಡಪತ್ರೆ ಮೇಲೆ ತೆಳ್ಳಗೆ ಹರಡಿ, ಆಗಾಗ ಕೈಯಾಡಿಸಿ, ಮುರಿದರೆ ಪಟಕ್ಕನೆ ಮುರಿಯುವ ಹಾಗೆ ಒಣಗಿಸಿ. ಹಸಿಯಾಗಿ ಬಿಟ್ಟರೆ ಬೇಗ ಹುಳಿ ಬರುತ್ತದೆ, ಹುಳಿ ಬಂದದ್ದನ್ನು ಹೊಟ್ಟೆ ತುಂಬ ತಿಂದ ಆಕಳಿಗೆ ಅಮಲೇರುತ್ತದೆ, ಅದು ನಗುವ ವಿಷಯ ಅಲ್ಲ. ಒಣಗಿದ್ದನ್ನೂ ಮಿತವಾಗಿಯೇ ಹಾಕಿ, ದಾಣಿಯಲ್ಲಿ ಹತ್ತರಲ್ಲಿ ಒಂದು ಪಾಲು ಸಾಕು. ಒಗರು ಜಾಸ್ತಿಯಾದರೆ ಮೇವೇ ಬಿಡುತ್ತವೆ.

ಕಲಸುವ ಲೆಕ್ಕ ಹೇಳುತ್ತೇನೆ. 100 ಕಿಲೋ ದಾಣಿಗೆ ಮೆಕ್ಕೆಜೋಳದ ನುಚ್ಚು 30 ಕಿಲೋ, ಕೊಬ್ಬರಿ ಹಿಂಡಿ 25, ಶೇಂಗಾ ಹಿಂಡಿ 15, ತೌಡು ಅಥವಾ ಗೋಧಿ ಬೂಸಾ 17, ಒಣಗಿದ ಗೇರು ಹಿಪ್ಪೆ 10, ಖನಿಜ ಮಿಶ್ರಣ 2, ಉಪ್ಪು 1. ಈ ಖನಿಜ ಮಿಶ್ರಣ ನೋಡಿ ಮಂದಿ ಕೈ ಹಿಂದೆಗೆಯುತ್ತಾರೆ. ಬೇಡ, ಉಳಿಸುವ ಜಾಗ ಅದಲ್ಲ. ಅದು ಕಡಿಮೆಯಾದರೆ ಆಕಳು ಸರಿಯಾಗಿ ಬೆದೆಗೆ ಬಾರದೆ ಹೋಗಬಹುದು, ಆಗ ಹಾಲಿನ ದಿನಗಳೇ ಕೈತಪ್ಪುತ್ತವೆ. ಹೀಗೆ ಕಲಸಿದ ದಾಣಿ ಆಕಳಿನ ಮೈಗೆ ಅಂತ ದಿನಕ್ಕೆ ಒಂದೂವರೆ ಕಿಲೋ, ಅದರ ಮೇಲೆ ಹಿಂಡುವ ಪ್ರತಿ ಲೀಟರಿಗೆ 400 ಗ್ರಾಂ. ಎಮ್ಮೆಗಾದರೆ ಲೀಟರಿಗೆ ಅರ್ಧ ಕಿಲೋ.

ನಿಜವಾಗಿ ದುಡ್ಡು ಉಳಿಯೋದು ಭತ್ತದ ಹುಲ್ಲಿನಲ್ಲಿ. ಬೇಸಿಗೆ ಗದ್ದೆ ಕೊಯ್ಲಾದ ಮೇಲೆ ಹುಲ್ಲು ಸುಲಭವಾಗಿ ಸಿಗುತ್ತದೆ, ಸತ್ವ ಮಾತ್ರ ಇಲ್ಲ. ಅದಕ್ಕೆ ಯೂರಿಯಾ ಉಪಚಾರ ಮಾಡಿ. 100 ಕಿಲೋ ಒಣ ಹುಲ್ಲಿಗೆ 4 ಕಿಲೋ ಯೂರಿಯಾ, 50 ರಿಂದ 60 ಲೀಟರ್ ನೀರು. ಯೂರಿಯಾ ಪೂರ್ತಿ ಕರಗಿಸಿ, ಹುಲ್ಲನ್ನು ಪದರ ಪದರವಾಗಿ ಹಾಸುತ್ತ, ಮೇಲೆ ಸಮವಾಗಿ ಚಿಮುಕಿಸುತ್ತ, ಚೆನ್ನಾಗಿ ತುಳಿಯುತ್ತ ಹೋಗಿ, ಕೊನೆಗೆ ಗಾಳಿಯಾಡದ ಹಾಗೆ ತಾಡಪತ್ರೆ ಮುಚ್ಚಿ ಅಂಚಿಗೆ ಮಣ್ಣು ಹೇರಿ. 21 ದಿನ ಮುಟ್ಟಬೇಡಿ. ಆಮೇಲೆ ದಿನಕ್ಕೆ ಬೇಕಾದಷ್ಟೇ ತೆಗೆದು, ಮೂಗಿಗೆ ಹೊಡೆಯುವ ವಾಸನೆ ಹೋಗುವವರೆಗೆ ಹರಡಿಟ್ಟು ಹಾಕಿ. ಮೆತ್ತಗಾಗಿರುತ್ತದೆ, ಸಸಾರಜನಕ ಹೆಚ್ಚುಕಡಿಮೆ ಎರಡು ಪಟ್ಟಾಗಿರುತ್ತದೆ. ಆರು ತಿಂಗಳೊಳಗಿನ ಕರುಗಳಿಗೆ ಬೇಡ. ಯೂರಿಯಾ ಕರಗಿಸಿದ ಬಕೆಟ್ ಕೊಟ್ಟಿಗೆ ಹತ್ತಿರ ಇಡಲೇಬೇಡಿ. ಬಾಯಾರಿದ ಆಕಳು ಆ ನೀರು ಕುಡಿದರೆ ಉಳಿಸೋದು ಕಷ್ಟ.

ಇನ್ನು ಹೋಟೆಲ್ ಅನ್ನ. ಗೋವಾದಲ್ಲಿ ಇದರದ್ದೇ ದೊಡ್ಡ ಆಸೆ. ಮದುವೆ ಹಾಲ್‌ನಿಂದ ಬಕೆಟ್‌ಗಟ್ಟಲೆ ಅನ್ನ ಸಿಕ್ಕಿತು ಅಂತ ಒಮ್ಮೆಲೇ ಸುರಿದರೆ ಹೊಟ್ಟೆಯಲ್ಲಿ ಆಮ್ಲ ಏರಿ, ಮೆಲುಕು ನಿಂತು, ಆಕಳು ಮಲಗಿಬಿಡುತ್ತದೆ. ಸಾಯುವುದೂ ಉಂಟು. ಹಾಗೆ ತಿಂದದ್ದು ಕಂಡರೆ ಮನೆಮದ್ದು ಮಾಡುತ್ತ ಕೂರಬೇಡಿ, ಪಶುವೈದ್ಯರನ್ನು ಕರೆಯಿರಿ. ಹೋಟೆಲ್ ಮುಸುರೆಯಲ್ಲಿ ಹಲ್ಲುಕಡ್ಡಿ, ಪ್ಲಾಸ್ಟಿಕ್, ಮೀನುಮುಳ್ಳು ಎಲ್ಲ ಇರುತ್ತದೆ. ಮನೆಯ ಅಕ್ಕಿ ತೊಳೆದ ನೀರು, ತರಕಾರಿ ಸಿಪ್ಪೆ ಧಾರಾಳವಾಗಿ ಕೊಡಿ. ಹಲಸಿನ ಸಿಪ್ಪೆ, ರೆಚ್ಚೆ (ತೊಳೆ ಬಿಡಿಸಿದ ಮೇಲೆ ಉಳಿಯುವ ಭಾಗ) ಅಂತೂ ಮೇ, ಜೂನ್‌ನಲ್ಲಿ ಹಬ್ಬ, ಕತ್ತರಿಸಿ ಸ್ವಲ್ಪ ಸ್ವಲ್ಪ ಹಾಕಿ.

ಬಿಯರ್ ಕಾರ್ಖಾನೆಯ ಹಸಿ ಹೊಟ್ಟು ಒಳ್ಳೆಯದೇ, ಆದರೆ ಮುಕ್ಕಾಲು ಪಾಲು ನೀರು, ಎರಡು ಮೂರು ದಿನಕ್ಕೆ ಕೆಡುತ್ತದೆ. ನಾಲ್ಕು ಮನೆಯವರು ಸೇರಿ ಒಂದು ಟೆಂಪೋ ತರಿಸಿದರೆ ಗಿಟ್ಟುತ್ತದೆ, ಒಬ್ಬರಿಗಲ್ಲ. ಅಜೋಲಾ (ಸಗಣಿ ಕದಡಿದ ನೀರಿನ ಮೇಲೆ ತೇಲಿ ಬೆಳೆಯುವ ಸಣ್ಣ ಹಸಿರು ಗಿಡ) ನೆರಳಿದ್ದರೆ ಬೆಳೆಸಿ, ಸಗಣಿ ವಾಸನೆ ಹೋಗುವ ಹಾಗೆ ತೊಳೆದು ದಾಣಿಗೆ ಕಲಸಿ. ಬೇಲಿಯ ಗ್ಲಿರಿಸಿಡಿಯಾ ಸೊಪ್ಪನ್ನು ಒಂದು ದಿನ ಬಾಡಿಸಿ ಕೊಡಿ, ಆಡುಗಳು ಕೂಡ ಬಿಡುವುದಿಲ್ಲ.

ಯಾವುದನ್ನೇ ಹೊಸದಾಗಿ ಶುರು ಮಾಡಿದರೂ ಹತ್ತು ಹದಿನೈದು ದಿನ ತೆಗೆದುಕೊಂಡು ನಿಧಾನಕ್ಕೆ ಹೆಚ್ಚಿಸಿ. ಮಳೆಗಾಲ ಬಂತೆಂದರೆ ಹಿಂಡಿಯನ್ನು ಎರಡು ವಾರಕ್ಕೆ ಆಗುವಷ್ಟೇ ಕೊಳ್ಳಿ. ನೆಲಕ್ಕೆ ತಾಗದ ಹಾಗೆ ಹಲಗೆ ಮೇಲೆ, ಮುಚ್ಚಳವಿರುವ ಡ್ರಮ್ಮಿನಲ್ಲಿ ಇಡಿ. ಬೂಸಲು ಹಿಡಿದ ಶೇಂಗಾ ಹಿಂಡಿಯ ವಿಷ ಹಾಲಿಗೂ ಇಳಿಯುತ್ತದೆ, ಬಿಸಿಲಿಗೆ ಹಾಕಿದರೂ ಹೋಗುವುದಿಲ್ಲ. ಅಂಥದ್ದನ್ನು ತಿಪ್ಪೆಗೆ ಹಾಕಿ.