ತೂಕ ಇಳಿದಿಲ್ಲ, ಆದರೂ ಸೊರಗುತ್ತಿದ್ದಾರೆಯೇ? ಹೃದಯ ವೈಫಲ್ಯವಿರುವ ಹಿರಿಯರ ಪೋಷಣೆ ಗಮನಿಸುವ ಬಗೆ

ಹೃದಯ ವೈಫಲ್ಯವಿರುವ, ಅಂದರೆ ಹೃದಯವು ರಕ್ತವನ್ನು ಸಾಕಷ್ಟು ಪಂಪ್ ಮಾಡಲಾಗದ ಸ್ಥಿತಿಯಲ್ಲಿರುವ, ಹಿರಿಯರ ತೂಕ ತಿಂಗಳುಗಟ್ಟಲೆ ಇದ್ದಷ್ಟೇ ಇದ್ದರೆ ಮನೆಯವರು ನಿಶ್ಚಿಂತರಾಗಿಬಿಡುತ್ತಾರೆ. ಆದರೆ ಮೈಯಲ್ಲಿ ನೀರು ತುಂಬಿಕೊಂಡಾಗ ಸ್ನಾಯು ಕರಗಿದ್ದು ತೂಕದ ಯಂತ್ರದಲ್ಲಿ ಕಾಣುವುದೇ ಇಲ್ಲ. ಕೈಗಡಿಯಾರದ ಪಟ್ಟಿ ಸಡಿಲವಾಗಿ ಜಾರುತ್ತಿದ್ದು, ಅದೇ ವೇಳೆ ಸಂಜೆಗೆ ಚಪ್ಪಲಿ ಬಿಗಿಯಾಗುತ್ತಿದ್ದರೆ, ಊತ ಮತ್ತು ಸೊರಗುವಿಕೆ ಒಟ್ಟಿಗೇ ನಡೆದಿರಬಹುದು.

ಮೊದಲು ತೂಕ ನೋಡುವ ಕ್ರಮ ಸರಿಯಾಗಲಿ. ಬೆಳಿಗ್ಗೆ ಮೂತ್ರ ವಿಸರ್ಜನೆಯ ನಂತರ, ತಿಂಡಿಗೆ ಮುಂಚೆ, ಹಗುರ ಉಡುಪಿನಲ್ಲಿ, ಅದೇ ಯಂತ್ರದಲ್ಲಿ ನೋಡಿ ಬರೆದಿಡಿ. ಕಣಕಾಲಿನ ಬಳಿ ಹೆಬ್ಬೆರಳಿನಿಂದ ಒತ್ತಿದಾಗ ಗುಳಿ ಉಳಿಯುವುದೇ ಎಂಬುದನ್ನೂ ಪಕ್ಕದಲ್ಲಿ ಗುರುತಿಸಿ. ಮೂರು ದಿನಗಳಲ್ಲಿ 2 ಕೆ.ಜಿ.ಗಿಂತ ಹೆಚ್ಚು ಏರಿದರೆ ಅದನ್ನು ಪುಷ್ಟಿ ಎಂದುಕೊಳ್ಳದೆ ವೈದ್ಯರಿಗೆ ತಿಳಿಸಿ. ಊತವಿಲ್ಲದಾಗಿನ ತೂಕ ಆರು ತಿಂಗಳಲ್ಲಿ ತಾನಾಗಿಯೇ ಶೇ 5ಕ್ಕಿಂತ ಹೆಚ್ಚು, ಅಂದರೆ 60 ಕೆ.ಜಿ.ಯವರಲ್ಲಿ 3 ಕೆ.ಜಿ.ಗೂ ಮೀರಿ, ಇಳಿದಿದ್ದರೆ ಅಪೌಷ್ಟಿಕತೆಯ ತಪಾಸಣೆ ಆಗಲೇಬೇಕು.

ಆಸ್ಪತ್ರೆಗಳಲ್ಲಿ ಇದಕ್ಕೆ, ಹಿರಿಯರ ಪೋಷಣೆಯನ್ನು ಅಂಕಗಳಲ್ಲಿ ಅಳೆಯುವ ಪ್ರಶ್ನಾವಳಿಯಾದ ‘ಮಿನಿ ನ್ಯೂಟ್ರಿಷನಲ್ ಅಸೆಸ್‌ಮೆಂಟ್’ನ ಚುಟುಕು ರೂಪವನ್ನು ಬಳಸುತ್ತಾರೆ. ಊಟ ಕಡಿಮೆಯಾದದ್ದು, ತೂಕ ಇಳಿದದ್ದು, ಓಡಾಟ, ಇತ್ತೀಚಿನ ಕಾಯಿಲೆ ಅಥವಾ ಮಾನಸಿಕ ಆಘಾತ, ಮರೆವು ಅಥವಾ ಖಿನ್ನತೆ, ಎತ್ತರಕ್ಕೆ ತಕ್ಕ ತೂಕ ಎಂಬ ಆರು ಅಂಶಗಳಿಗೆ ಒಟ್ಟು 14 ಅಂಕ. 8ರಿಂದ 11 ಬಂದರೆ ಅಪಾಯವಿದೆ, 7 ಅಥವಾ ಕಡಿಮೆಯಾದರೆ ಅಪೌಷ್ಟಿಕತೆ. ಎತ್ತರ, ತೂಕ ಸಿಗದಿದ್ದಾಗ ಮೀನಖಂಡದ ಸುತ್ತಳತೆ 31 ಸೆಂ.ಮೀ.ಗಿಂತ ಕಡಿಮೆಯಿದೆಯೇ ಎಂದು ನೋಡುವುದುಂಟು, ಆದರೆ ಊದಿದ ಕಾಲಿಗೆ ಟೇಪು ಸುತ್ತಿ ಸಮಾಧಾನಪಟ್ಟುಕೊಂಡರೆ ಪ್ರಯೋಜನವಿಲ್ಲ.

ಇನ್ನು ಊಟ. ಯಕೃತ್ತು, ಕರುಳುಗಳಲ್ಲೂ ನೀರು ನಿಲ್ಲುವುದರಿಂದ ನಾಲ್ಕು ತುತ್ತಿಗೇ ಹೊಟ್ಟೆ ತುಂಬಿದಂತಾಗುತ್ತದೆ. ಇದನ್ನು ಹಟವೆಂದು ಗದರಿಸಬಾರದು. ದಿನದ ಆಹಾರವನ್ನು ಐದಾರು ಪಾಲು ಮಾಡಿ, ಉಣ್ಣುವ ಮುನ್ನ ತುಸು ವಿಶ್ರಾಂತಿ ಕೊಟ್ಟು, ಮೊಟ್ಟೆ, ಬೇಳೆಕಾಳು, ಮೀನು, ಮೊಸರಿನಂಥದ್ದನ್ನು ಮೊದಲ ತುತ್ತುಗಳಲ್ಲೇ ಕೊಡಿ. ದೀರ್ಘಕಾಲದ ಕಾಯಿಲೆಯಿರುವ ಹಿರಿಯರಿಗೆ ಸಾಮಾನ್ಯವಾಗಿ ಪ್ರತಿ ಕೆ.ಜಿ. ತೂಕಕ್ಕೆ ದಿನಕ್ಕೆ 1.2ರಿಂದ 1.5 ಗ್ರಾಂ ಪ್ರೋಟೀನ್ ಸೂಚಿಸುತ್ತಾರೆ. ಮೂತ್ರಪಿಂಡದ ತೊಂದರೆಯಿದ್ದರೆ ಪ್ರಮಾಣವನ್ನು ವೈದ್ಯರೇ ನಿರ್ಧರಿಸಬೇಕು.

ಉಪ್ಪಿನ ವಿಷಯದಲ್ಲಿ ಹಿಡಿತ ಬೇಕು, ಆದರೆ ತಟ್ಟೆಯಲ್ಲೇ ಉಳಿದುಹೋಗುವ ಸಪ್ಪೆ ಊಟದಿಂದ ಯಾರಿಗೂ ಉಪಯೋಗವಿಲ್ಲ. ಮೊದಲು ಪೊಟ್ಟಣದ ತಿನಿಸುಗಳನ್ನು ಬಿಡಿಸಿ, ಅಡುಗೆಗೆ ನಿಂಬೆರಸ, ಮೆಣಸು, ಸೊಪ್ಪುಗಳಿಂದ ರುಚಿ ಕೊಡಿ. ‘ಕಡಿಮೆ ಸೋಡಿಯಂ’ ಎಂದು ಮಾರುವ ಬದಲಿ ಉಪ್ಪಿನಲ್ಲಿ ಹೆಚ್ಚಾಗಿ ಪೊಟ್ಯಾಸಿಯಂ ಇರುತ್ತದೆ. ಸ್ಪೈರೊನೊಲ್ಯಾಕ್ಟೋನ್‌ನಂಥ ಹೃದಯದ ಮಾತ್ರೆಗಳೊಂದಿಗೆ ಸೇರಿ ಅದು ರಕ್ತದಲ್ಲಿ ಅಪಾಯದ ಮಟ್ಟಕ್ಕೆ ಏರಬಹುದಾದ್ದರಿಂದ, ವೈದ್ಯರನ್ನು ಕೇಳದೆ ಈ ಉಪ್ಪನ್ನು ಅಡುಗೆಗೆ ಹಾಕಬೇಡಿ.